ಪಟ್ಟಿಯಲ್ಲಿ ಮಾಣಿಕ್‌ಗಂಜ್ ಎಲ್ಲಿ?

ನಿನ್ನೆ ರಾತ್ರಿ ಗೆಳೆಯರೊಬ್ಬರು ಒಂದು ವಿಡಿಯೊ ಕಳಿಸಿದರು. ಇತಿಹಾಸದಲ್ಲಿ ಅತಿ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಟೊರ್ನಾಡೊಗಳ, ಅಂದರೆ ಮೋಡದಿಂದ ನೆಲಕ್ಕಿಳಿದು ಸುತ್ತುವ ಸುಂಟರಗಾಳಿಗಳ, ಪಟ್ಟಿ. ಗಾಳಿ, ಮಳೆ, ಮೋಡ ಅಂದರೆ ನಾನು ಊಟ ಬಿಟ್ಟು ಕೂರುವವನು, ನಿಮಗೆಲ್ಲ ಗೊತ್ತೇ ಇದೆ. ಕೊನೆಯವರೆಗೂ ನೋಡಿದೆ. ಅಮೆರಿಕದ ಮಿಸೌರಿ, ಮಿಸಿಸಿಪ್ಪಿ, ಒಕ್ಲಹೋಮ. ಅಷ್ಟೇ, ಮುಗಿಯಿತು. ಬಾಂಗ್ಲಾದೇಶದ ಒಂದೇ ಒಂದು ಊರಿನ ಹೆಸರಿಲ್ಲ. ಆ ಸಿಟ್ಟು ಬೆಳಗಾದರೂ ಇಳಿದಿಲ್ಲ.

1989ರ ಏಪ್ರಿಲ್ 26. ಬಾಂಗ್ಲಾದೇಶದ ಮಾಣಿಕ್‌ಗಂಜ್ ಜಿಲ್ಲೆ, ಢಾಕಾದಿಂದ ಪಶ್ಚಿಮಕ್ಕೆ. ತಿಂಗಳುಗಟ್ಟಲೆ ಮಳೆಯಿಲ್ಲದೆ ಜನ ಆಕಾಶ ನೋಡುತ್ತಿದ್ದರು. ಆ ಸಂಜೆ ಆಕಾಶದಿಂದ ಬಂದಿದ್ದು ಟೊರ್ನಾಡೊ. ದೌಲತ್‌ಪುರದ ಕಡೆಯಿಂದ ಸಾಟುರಿಯಾ ಕಡೆಗೆ ನುಗ್ಗಿತು. ಹಾದುಹೋದ ದಾರಿಯಲ್ಲಿ ಮನೆ ಅನ್ನುವಂಥದ್ದು ಉಳಿಯಲಿಲ್ಲ, ಅಲ್ಲೊಂದು ಇಲ್ಲೊಂದು ಬೋಳು ಮರ ಬಿಟ್ಟರೆ. ಸತ್ತವರು ಸುಮಾರು 1300. ಗಾಯಗೊಂಡವರು ಸುಮಾರು 12,000. ಬೀದಿಗೆ ಬಿದ್ದವರು ಸುಮಾರು 80,000. ಜಗತ್ತಿನ ದಾಖಲೆಯಲ್ಲಿ ಇಷ್ಟು ಜನರನ್ನು ಕೊಂದ ಟೊರ್ನಾಡೊ ಇನ್ನೊಂದಿಲ್ಲ. ಪಟ್ಟಿಯಲ್ಲಿ ಮೊದಲ ಜಾಗ ಅದರದ್ದು. ಆ ಜಾಗವೇ ಖಾಲಿ!

ಅಮೆರಿಕದ ದುರಂತ ಸಣ್ಣದು ಅಂತ ನಾನು ಹೇಳುತ್ತಿಲ್ಲ. 1925ರ ಮಾರ್ಚ್ 18ರ ಟೊರ್ನಾಡೊ ಮಿಸೌರಿ, ಇಲಿನಾಯ್, ಇಂಡಿಯಾನಾ ಮೂರೂ ರಾಜ್ಯಗಳನ್ನು ಸೀಳಿಕೊಂಡು ಸುಮಾರು 350 ಕಿಲೋಮೀಟರ್ ಓಡಿತು. ಮೂರೂವರೆ ಗಂಟೆಯಲ್ಲಿ 695 ಜನ ಸತ್ತರು. ಮರ್ಫಿಸ್‌ಬರೊ ಒಂದೇ ಊರಿನಲ್ಲಿ 234. ಡಿ ಸೋಟೊ ಎಂಬ ಊರಿನ ಶಾಲೆಯಲ್ಲಿ 33 ಮಕ್ಕಳು. ಓದುವಾಗಲೇ ಕೈ ನಡುಗುತ್ತದೆ. ಆಗ ಅಲ್ಲಿನ ಹವಾಮಾನ ಇಲಾಖೆ ಟೊರ್ನಾಡೊ ಬರಬಹುದು ಅಂತ ಮುನ್ಸೂಚನೆ ಕೊಡುತ್ತಲೇ ಇರಲಿಲ್ಲ, ಜನ ಗಾಬರಿಯಾಗುತ್ತಾರೆ ಅಂತ. ಆಮೇಲೆ ಆ ದೇಶ ಕಲಿಯಿತು. 1948ರಲ್ಲಿ ಒಕ್ಲಹೋಮದ ಟಿಂಕರ್ ವಾಯುನೆಲೆಯಲ್ಲಿ ಇಬ್ಬರು ಅಧಿಕಾರಿಗಳು ಟೊರ್ನಾಡೊ ಬರುತ್ತದೆ ಅಂದರು, ಅದೇ ದಿನ ಸಂಜೆ ಬಂತು. ಮುಂದೆ ರಾಡಾರ್ ಬಂತು, ಸೈರನ್ ಬಂತು. ಮನೆ ಕೆಳಗಿನ ನೆಲಮಾಳಿಗೆಗೆ ಇಳಿಯುವುದು ಜನಕ್ಕೆ ರೂಢಿಯಾಯಿತು. 2011ರಲ್ಲಿ ಮಿಸೌರಿಯ ಜಾಪ್ಲಿನ್ ಊರಿನಲ್ಲಿ 158 ಜನ ಸತ್ತಾಗ, 1947ರ ನಂತರ ಅಮೆರಿಕದಲ್ಲಿ ಒಂದೇ ಟೊರ್ನಾಡೊ ಅಷ್ಟು ಜನರನ್ನು ಕೊಂದಿರಲಿಲ್ಲ.

ಅಂದರೆ ಎಷ್ಟು ಜನ ಸಾಯುತ್ತಾರೆ ಅನ್ನೋದು ಗಾಳಿಯ ಕೈಯಲ್ಲಿ ಮಾತ್ರ ಇಲ್ಲ. ತಲೆ ಮೇಲೆ ಎಂಥ ಸೂರಿದೆ, ಯಾರಾದರೂ ಮೊದಲೇ ಕೂಗಿ ಹೇಳಿದರಾ, ಓಡಿಹೋಗಿ ಅವಿತುಕೊಳ್ಳಲು ಒಂದು ಗುಂಡಿಯಾದರೂ ಇದೆಯಾ, ಇದರ ಮೇಲೆ ನಿಂತಿದೆ. ಮಾಣಿಕ್‌ಗಂಜ್ ಸೀಮೆಯ ಹಳ್ಳಿಮನೆ ಅಂದರೆ ಬಿದಿರು, ಮಣ್ಣು, ಮೇಲೆ ತಗಡು. ನದಿ ಬಯಲಿನಲ್ಲಿ ನೆಲಮಾಳಿಗೆ ತೋಡಿದರೆ ನೀರೇ ಬರುತ್ತದೆ. ಟೊರ್ನಾಡೊ ಬಂದರೆ ಆ ತಗಡು ಮೊಳೆ ಕಿತ್ತುಕೊಂಡು ಹಾರುತ್ತದೆ. ಅಡ್ಡ ಬಂದ ಕೈಕಾಲು ಕತ್ತರಿಸುತ್ತದೆ.

ನಾನು ಪತ್ರಾಸಿನ ಮನೆಯಲ್ಲೇ ಬೆಳೆದವನು. ಬೇಸಿಗೆಯ ಗಾಳಿಮಳೆಗೆ ಮುಂಚೆ ಅಪ್ಪ ಮೇಲೆ ಹತ್ತಿ ಕಲ್ಲು ಹೇರುತ್ತಿದ್ದರು. ಗಾಳಿ ಎದ್ದಾಗ ಪತ್ರಾಸು ಬಡಿದುಕೊಳ್ಳುವ ಸದ್ದಿಗೆ ಅವ್ವ ನಮ್ಮನ್ನು ಎಳೆದು ಮೂಲೆಗೆ ಕೂರಿಸಿ ಮೇಲೆ ಕೌದಿ ಹಾಕುತ್ತಿದ್ದಳು. ಅದು ಬರೀ ಗಾಳಿಮಳೆ, ಟೊರ್ನಾಡೊ ಅಲ್ಲ. ಆದರೂ ಆ ಭಯ ಮೈಯೊಳಗೆ ಉಳಿದಿದೆ. ಮಾಣಿಕ್‌ಗಂಜ್‌ನ ಸುದ್ದಿ ಓದಿದಾಗೆಲ್ಲ ಅವ್ವನ ನೆನಪಾಗುತ್ತದೆ. ಅಲ್ಲೂ ಅಂಥ ಅವ್ವಂದಿರು ಇದ್ದರಲ್ವಾ?

ಆ ವಿಡಿಯೊ ಕೆಳಗೆ ಕಾಮೆಂಟ್‌ನಲ್ಲಿ ಒಬ್ಬರು ಬರೆದಿದ್ದಾರೆ, ಅಮೆರಿಕದಲ್ಲೇ ಟೊರ್ನಾಡೊ ಜಾಸ್ತಿ, ಅದಕ್ಕೇ ಅಲ್ಲಿಯವು ಬಂದಿವೆ ಅಂತ. ಜಾಸ್ತಿ ನಿಜ, ವರ್ಷಕ್ಕೆ ಸಾವಿರಕ್ಕೂ ಮೇಲೆ. ಆದರೆ ಪಟ್ಟಿ ಇರುವುದು ಎಷ್ಟು ಟೊರ್ನಾಡೊ ಬಂದವು ಅಂತ ಅಲ್ಲ, ಎಷ್ಟು ಜನ ಸತ್ತರು ಅಂತ. ಇನ್ನೊಬ್ಬರು, ಬಾಂಗ್ಲಾದ್ದರ ವಿಡಿಯೊ ಸಿಗಲ್ಲ ಅಂತಾರೆ. 1925ರದ್ದರ ವಿಡಿಯೊ ಎಲ್ಲಿದೆ? ಕಪ್ಪುಬಿಳುಪು ಫೋಟೊ ಇಟ್ಟು ತೋರಿಸಲಿಲ್ವಾ? ಮನಸ್ಸಿದ್ದರೆ ಒಂದು ನಕ್ಷೆ ತೋರಿಸಿ ಊರಿನ ಹೆಸರು ಹೇಳಬಹುದಿತ್ತು.

ಮಾಣಿಕ್‌ಗಂಜ್ ಒಂದೇ ಅಲ್ಲ. 1996ರ ಮೇ 13ರಂದು ಅದೇ ದೇಶದ ಜಮಾಲ್‌ಪುರ, ಟಾಂಗೈಲ್ ಕಡೆ ಐನೂರಕ್ಕೂ ಹೆಚ್ಚು ಜನ ಸತ್ತರು. 1969ರ ಏಪ್ರಿಲ್‌ನಲ್ಲಿ ಢಾಕಾದ ಪಕ್ಕದಲ್ಲೇ ನೂರಾರು ಜನ. ಮಾರ್ಚ್‌ನಿಂದ ಮೇವರೆಗೆ ಬಂಗಾಳ ಕೊಲ್ಲಿಯ ಬಿಸಿ ತೇವದ ಗಾಳಿ ಒಳಗೆ ನುಗ್ಗುತ್ತದೆ. ಪಶ್ಚಿಮದಿಂದ ಒಣಗಾಳಿ ಬರುತ್ತದೆ. ಮೇಲೆ ಇನ್ನೊಂದು ದಿಕ್ಕಿಗೆ ಜೋರು ಗಾಳಿ ಬೀಸುತ್ತಿರುತ್ತದೆ. ಕಾಲಬೈಶಾಖಿ ಅಂತ ಬಂಗಾಳಿಗಳು ಕರೆಯುವ ಗುಡುಗುಮಳೆ ಹುಟ್ಟುವುದು ಹೀಗೆ. ಅದರ ಹೊಟ್ಟೆಯಿಂದಲೇ ಟೊರ್ನಾಡೊ. ಪ್ರತಿವರ್ಷ ಬರುವ ಋತು ಇದು, ಎಲ್ಲೋ ಅಪರೂಪಕ್ಕೆ ಆದ ಸಂಗತಿ ಅಂತ ಪಕ್ಕಕ್ಕಿಡಲು ಆಗುವುದಿಲ್ಲ.

ನಮ್ಮ ದೇಶದ್ದೂ ಹಾಗೇ. 1998ರ ಮಾರ್ಚ್ 24ರಂದು ಪಶ್ಚಿಮ ಬಂಗಾಳದ ದಾಂತನ್ ಮತ್ತು ಪಕ್ಕದ ಒಡಿಶಾದ ಹಳ್ಳಿಗಳಲ್ಲಿ ಟೊರ್ನಾಡೊ 150ಕ್ಕೂ ಹೆಚ್ಚು ಜನರನ್ನು ಕೊಂದಿತು. ಜಾಪ್ಲಿನ್ ಹೆಸರು ಗೊತ್ತಿರುವ ನನ್ನ ಎಷ್ಟೋ ಸ್ನೇಹಿತರಿಗೆ ದಾಂತನ್ ಹೆಸರು ಗೊತ್ತಿಲ್ಲ.

ಆ ವಿಡಿಯೊ ಮಾಡಿದವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ. ಹಂಚುವವರು ದಯವಿಟ್ಟು ಅದರ ಜೊತೆ ದೌಲತ್‌ಪುರ, ಸಾಟುರಿಯಾ, 1989 ಅಂತ ಸೇರಿಸಿ ಹಂಚಿ. ನಿಮ್ಮಲ್ಲಿ ಖರಗ್‌ಪುರ, ಕಲ್ಕತ್ತಾ ಕಡೆ ಓದಿದವರು, ಕೆಲಸ ಮಾಡಿದವರು ಇದ್ದೀರಿ. 1998ರ ಆ ದಿನ ಅಲ್ಲಿದ್ದವರು ಯಾರಾದರೂ ಇದ್ದರೆ ಕಂಡಿದ್ದು, ಕೇಳಿದ್ದು ಕೆಳಗೆ ಬರೆಯಿರಿ.