ಕತ್ತರಿ ಹಾಕಿದ ಕಾರ್ಡು

ಸಾಲ ಕೊಡುವ ಕಚೇರಿಯ ಆ ಹುಡುಗ ಕಂಪ್ಯೂಟರ್ ಪರದೆ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಮತ್ತೆ ಪರದೆ ನೋಡಿದ. ಎಕ್ಸ್‌ರೇ ಹಿಡಿದ ಡಾಕ್ಟರು ಹೀಗೆ ಎರಡೆರಡು ಸಲ ನೋಡಿದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದಲ್ಲ, ನನಗೂ ಹಾಗೇ ಆಯಿತು.

"ಸರ್, ನಿಮ್ಮ ಕ್ರೆಡಿಟ್ ಸ್ಕೋರ್ ಸ್ವಲ್ಪ..." ಎಂದು ನಿಲ್ಲಿಸಿದ.

"ಸ್ವಲ್ಪ ಏನಪ್ಪಾ? ಜಾಸ್ತಿ ಆಯ್ತಾ?"

ಅವನು ನಗಲಿಲ್ಲ. "ಒಂದ್ಸಲ ನೀವೇ ರಿಪೋರ್ಟ್ ತೆಗೆದು ನೋಡ್ಕೊಳ್ಳಿ ಸರ್" ಎಂದು ನನ್ನ ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟ.

ಕ್ರೆಡಿಟ್ ಸ್ಕೋರ್ ಅಂದರೆ ನಮ್ಮ ಸಾಲಗಳ ರಿಪೋರ್ಟ್ ನೋಡಿ, ಕೊಟ್ಟರೆ ಈ ಮನುಷ್ಯ ಸರಿಯಾಗಿ ತೀರಿಸುತ್ತಾನಾ ಎಂಬುದಕ್ಕೆ ಹಾಕುವ ಅಂಕ. ನಾನು ಯಾರ ಬಾಕಿಯನ್ನೂ ಇಟ್ಟುಕೊಂಡವನಲ್ಲ. ಪಕ್ಕದ ಮೇಜಿನವರಿಂದ ತೆಗೆದುಕೊಂಡ ಪೆನ್ನನ್ನೂ ಸಂಜೆಯೊಳಗೆ ಹಿಂದಿರುಗಿಸುವವನು. ಸಂಬಳ ಸರಿಯಾಗಿ ಬರುತ್ತದೆ. ಬ್ಯಾಂಕಿನಲ್ಲಿ ನಾಲ್ಕು ಕಾಸು ಠೇವಣಿಯೂ ಇದೆ. ಇದಕ್ಕೆಲ್ಲ ಮಾರ್ಕ್ಸ್ ಬಿದ್ದಿರುತ್ತದೆ ಎಂದೇ ನಂಬಿದ್ದೆ. ಆಮೇಲೆ ಗೊತ್ತಾಯಿತು, ಸಂಬಳ, ಠೇವಣಿ ಎರಡೂ ಆ ಲೆಕ್ಕಕ್ಕೆ ಬರುವುದೇ ಇಲ್ಲವಂತೆ. ಇನ್ನು ಪೆನ್ನಿನ ಮಾತೆಲ್ಲಿ!

ಮನೆಗೆ ಬಂದವನು ತಕ್ಷಣ ರಿಪೋರ್ಟ್ ನೋಡಬೇಕಿತ್ತು. ನೋಡಲಿಲ್ಲ. ಅದಕ್ಕೆ ಕಾರಣ ನನ್ನ ಭಾವಮೈದ. "ಭಾವ, ಯಾವ ಕಾರಣಕ್ಕೂ ಸ್ಕೋರ್ ನೋಡ್ಬೇಡಿ. ನೋಡಿದಷ್ಟೂ ಇಳಿಯುತ್ತೆ" ಎಂದು ಫೋನಿನಲ್ಲಿ ಪಿಸುಗುಟ್ಟಿದ. ಅವನು ಪಿಸುಗುಟ್ಟಿ ಹೇಳಿದ್ದನ್ನೆಲ್ಲ ನಾನು ನಂಬಿಬಿಡುತ್ತೇನೆ. ಜೋರಾಗಿ ಹೇಳಿದ್ದರೆ ಅನುಮಾನ ಪಡುತ್ತಿದ್ದೆನೋ ಏನೋ.

ಹಾಗಾಗಿ ಸ್ಕೋರನ್ನು ಮುಟ್ಟಲಿಲ್ಲ. ಅದರ ಬದಲು ಒಂದು ಜಾಣತನ ಮಾಡಿದೆ. ಹತ್ತು ದಿನದಲ್ಲಿ ಐದು ಕಡೆ ಸಾಲಕ್ಕೆ ಅರ್ಜಿ ಹಾಕಿದೆ. ಐವರಲ್ಲಿ ಒಬ್ಬನಾದರೂ ಕಣ್ಣುಮುಚ್ಚಿ ಕೊಟ್ಟಾನು ಎಂಬ ಆಸೆ.

ನಿಜ ಸಂಗತಿ ಇದಕ್ಕೆ ಪೂರ್ತಿ ಉಲ್ಟಾ ಇತ್ತು. ನಮ್ಮ ಸ್ಕೋರನ್ನು ನಾವೇ ದಿನಕ್ಕೆ ಹತ್ತು ಸಲ ನೋಡಿದರೂ ಅದು ಒಂದು ಅಂಕವೂ ಇಳಿಯುವುದಿಲ್ಲ. ಕನ್ನಡಿ ನೋಡಿಕೊಂಡರೆ ಮುಖ ಸವೆಯುತ್ತದೆಯೇ? ಇಳಿಯುವುದು ನಾವು ಸಾಲ ಕೇಳಿದಾಗ, ಕೊಡುವವನು ನೋಡಿದರೆ. ಆ ನೋಟ ರಿಪೋರ್ಟಿನಲ್ಲಿ ದಾಖಲಾಗುತ್ತದೆ. ಒಂದು ನೋಟಕ್ಕೆ ಹೋಗುವ ಅಂಕ ಕಡಿಮೆಯೇ. ಆದರೆ ಹತ್ತು ದಿನದಲ್ಲಿ ಐದು ನೋಟ ಕಂಡರೆ ಆರನೆಯವನಿಗೆ ಏನನ್ನಿಸುತ್ತದೆ? "ಇವನಿಗೆ ಏನೋ ಭಾರಿ ತಾಪತ್ರಯ ಇದೆ" ಅಂತಲೇ. ಮಾಡಿದರೂ ನಡೆಯುತ್ತಿದ್ದ ಕೆಲಸವನ್ನು ಹೆದರಿ ಬಿಟ್ಟೆ. ಮಾಡಬಾರದ್ದನ್ನು ಐದು ಸಲ ಮಾಡಿದೆ.

ಕೊನೆಗೊಂದು ರಾತ್ರಿ ಧೈರ್ಯ ಮಾಡಿ ಕೂತೆ. ಹೆಸರು, ಹುಟ್ಟಿದ ದಿನ ಎಲ್ಲ ತುಂಬಿದೆ. ಒಟಿಪಿ ನನ್ನ ಹಳೆ ನಂಬರಿಗೆ ಹೋಯಿತು. ಆ ನಂಬರ್ ಈಗ ಯಾರ ಹತ್ತಿರ ಇದೆಯೋ, ಅವರು ಆ ರಾತ್ರಿ ನಾಲ್ಕು ಸಲ ಎಚ್ಚರಗೊಂಡಿರಬೇಕು. ಕೊನೆಗೆ "ನೀವು ನೀವೇ ಎಂದು ಸಾಬೀತುಪಡಿಸಿ" ಎಂದು ಪ್ರಶ್ನೆಗಳು ಬಂದವು. ಈ ಸಾಲ ತೆಗೆದುಕೊಂಡ ವರ್ಷ ಯಾವುದು? ಈ ಕೆಳಗಿನವುಗಳಲ್ಲಿ ನಿಮ್ಮ ಕಾರ್ಡ್ ಯಾವುದು? ಕೊನೆಯ ಆಯ್ಕೆ "ಮೇಲಿನ ಯಾವುದೂ ಅಲ್ಲ". ಶಾಲೆಯಿಂದಲೂ ಅನುಮಾನ ಬಂದಾಗ ನನ್ನ ಕೈ ತಾನಾಗಿ ಕೊನೆಯ ಆಯ್ಕೆಗೇ ಹೋಗುತ್ತದೆ. ಈ ಸಲವೂ ಹೋಯಿತು. ಫೇಲ್. ವಿಷಯ ನಾನು, ಬರೆದವನು ನಾನು, ಆದರೂ ಫೇಲ್.

ಮಾರನೇ ದಿನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳು ನಾಲ್ಕೂ ಪ್ರಶ್ನೆಗೆ ಬಾಯಲ್ಲೇ ಉತ್ತರ ಹೇಳಿದಳು. ನಾನು ಎಂದು ಸಾಬೀತುಪಡಿಸಲು ನನಗಿಂತ ಅವಳೇ ಮೇಲು ಎಂದಾಯಿತು.

ಪರದೆಯ ಮೇಲೆ ಬಣ್ಣದ ಕಮಾನು ತೆರೆಯಿತು. ಮುಳ್ಳು ಮೇಲಕ್ಕೆ ಏರಿತು, ಅನುಮಾನಿಸಿತು, ನಿಂತಿತು. 684.

"ಪರವಾಗಿಲ್ಲ, ಫಸ್ಟ್ ಕ್ಲಾಸು" ಎಂದೆ.

"ನೂರಕ್ಕಲ್ಲ ರೀ" ಎಂದಳು.

ಅದೂ ಸರಿ. ಈ ಪರೀಕ್ಷೆಯ ಗಣಿತವೇ ವಿಚಿತ್ರ. ಭಾರತದಲ್ಲಿ 300ರಿಂದ 900. ಅಮೆರಿಕದಲ್ಲಿ ಜಾಸ್ತಿ ಬಳಕೆಯಲ್ಲಿರುವ ಫೈಕೋ ಸ್ಕೋರು 300ರಿಂದ 850. ಎಂಥ ದಡ್ಡನಿಗೂ 300 ಗ್ಯಾರಂಟಿ. ಆದರೆ ಜೀವನದಲ್ಲಿ ಸಾಲವನ್ನೇ ಮಾಡದ ಸಾಧುವಿಗೆ ಆ 300 ಕೂಡ ಇಲ್ಲ. ಅವನಿಗೆ ಸ್ಕೋರೇ ಇರುವುದಿಲ್ಲ. ಸಾಲ ಮಾಡಿ ತೀರಿಸಿದವನನ್ನು ನಂಬುತ್ತಾರೆ, ಮಾಡದೇ ಇದ್ದವನನ್ನು ಕಂಡರೆ "ಇವನ್ಯಾರು?" ಎನ್ನುತ್ತಾರೆ. ಇದರ ಜೊತೆಗೆ ಲೆಕ್ಕ ಇಡುವ ಸಂಸ್ಥೆಗಳೂ ಒಂದಲ್ಲ, ಮೂರ್ನಾಲ್ಕು. ಮನೆಯಲ್ಲಿ ಮೂರು ಗಡಿಯಾರ ಇದ್ದರೆ ಮೂರೂ ಬೇರೆ ಬೇರೆ ಸಮಯ ತೋರಿಸುತ್ತವಲ್ಲ, ಹಾಗೆ ಅವರ ಸ್ಕೋರುಗಳೂ ಸ್ವಲ್ಪ ಹಿಂದೆ ಮುಂದೆ.

"ನಂದೂ ನೋಡಿ" ಎಂದಳು ಹೆಂಡತಿ. ಮೂರೇ ನಿಮಿಷದಲ್ಲಿ ಅವಳ ಕಮಾನು ತೆರೆಯಿತು. ಮುಳ್ಳು ಎಲ್ಲಿಯೂ ಅನುಮಾನಿಸಲಿಲ್ಲ. 791.

ಆ ಮನೆಯಲ್ಲಿ ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಗಂಡ ಹೆಂಡಿರದ್ದು ಸೇರಿಸಿ ಸರಾಸರಿ ತೆಗೆಯುತ್ತಾರೇನೋ ಎಂದು ಹುಡುಕಿದೆ. ಇಲ್ಲ. ಮದುವೆಯಾದರೂ ಇಬ್ಬರ ಕಡತ ಬೇರೆ ಬೇರೆ. ಅವಳ ಹತ್ತಿರ ಇರುವುದು ಒಂದೇ ಕಾರ್ಡು. ಹದಿನಾಲ್ಕು ವರ್ಷ ಹಳೆಯದು. ಬಿಲ್ ಬಂದ ಕೂಡಲೇ ಪೂರ್ತಿ ಹಣ ತಾನೇ ಕಟ್ಟಿಕೊಳ್ಳುವ ಹಾಗೆ ಬ್ಯಾಂಕಿಗೆ ಹೇಳಿಟ್ಟಿದ್ದಾಳೆ. ಅಷ್ಟೇ. ಫೈಕೋ ಲೆಕ್ಕದಲ್ಲಿ ಹೊತ್ತಿಗೆ ಸರಿಯಾಗಿ ಕಟ್ಟಿದ್ದೀರಾ ಎಂಬುದಕ್ಕೇ ಶೇಕಡಾ 35 ತೂಕ. ಎಷ್ಟು ಸಾಲ ಮೈಮೇಲಿದೆ ಎಂಬುದಕ್ಕೆ 30. ಸಾಲದ ಚರಿತ್ರೆ ಎಷ್ಟು ಹಳೆಯದು ಎಂಬುದಕ್ಕೆ 15. ಹೊಸ ಸಾಲಗಳಿಗೆ 10, ಬಗೆಬಗೆಯ ಸಾಲ ಇದೆಯಾ ಎಂಬುದಕ್ಕೆ ಉಳಿದ 10. ಸುಮ್ನೆ ಕೂತೇ ಅವಳು ದೊಡ್ಡ ಮೂರು ಪೇಪರನ್ನೂ ಪಾಸು ಮಾಡಿದ್ದಳು.

ನಾನೋ, ಕಾರ್ಡಿನ ಮಿತಿ ಮುಟ್ಟುವ ತನಕ ಉಜ್ಜುವವನು. ಪಾಯಿಂಟ್ಸ್ ಬರುತ್ತವಲ್ಲ! ಗಡುವಿನೊಳಗೆ ಪೂರ್ತಿ ಕಟ್ಟುತ್ತೇನೆ, ಮತ್ತೇನು ಎಂದು ಬೀಗುತ್ತಿದ್ದೆ. ಆದರೆ ಕಾರ್ಡಿನವರು ಸ್ಕೋರಿನ ಸಂಸ್ಥೆಗಳಿಗೆ ಲೆಕ್ಕ ಕಳಿಸಲು ನಾನು ಕಟ್ಟುವ ತನಕ ಕಾಯುವುದಿಲ್ಲ. ಅಂದರೆ ಪ್ರತಿ ತಿಂಗಳೂ ನಾನು ಕುತ್ತಿಗೆ ಮಟ್ಟ ಸಾಲದಲ್ಲಿ ನಿಂತಾಗಲೇ ಫೋಟೋ ತೆಗೆಯುತ್ತಿದ್ದರು. ಮಿತಿಯ ಶೇಕಡಾ 30 ದಾಟದೆ ಇದ್ದರೆ ಒಳ್ಳೆಯದು ಎಂದು ತಿಳಿದವರು ಹೇಳುತ್ತಾರೆ. ಇದೊಂದು ರೋಗ ಮಾತ್ರ ಬೇಗ ವಾಸಿಯಾಗುತ್ತದೆ. ಒಂದೆರಡು ತಿಂಗಳು ಕೈ ಬಿಗಿ ಹಿಡಿದರೆ ಸಾಕು.

ನನ್ನ ನಿಜವಾದ ರೋಗ ರಿಪೋರ್ಟಿನ ನಾಲ್ಕನೇ ಪುಟದಲ್ಲಿತ್ತು. ಒಂದು ಹಳೇ ಕಾರ್ಡು. ಅದರ ಎದುರು ಸಾಲಾಗಿ ತಡ, ತಡ, ತಡ.

"ಇದು ನಂದಲ್ಲ. ಈ ಕಾರ್ಡನ್ನ ನಾನು ಯಾವತ್ತೋ ಮುಚ್ಚಿದೀನಿ" ಎಂದೆ.

"ಹೇಗೆ ಮುಚ್ಚಿದ್ರಿ?"

"ಕತ್ತರಿ ತಗೊಂಡು ನಾಲ್ಕು ತುಂಡು ಮಾಡಿದೀನಿ. ನಿನ್ನ ಎದುರಿಗೇ."

ಅವಳು ಏನೂ ಹೇಳಲಿಲ್ಲ. ನಿಟ್ಟುಸಿರು ಬಿಟ್ಟಳು. ಕತ್ತರಿಸಿದ್ದು ಪ್ಲಾಸ್ಟಿಕ್ಕನ್ನು, ಖಾತೆ ಹಾಗೇ ಉಸಿರಾಡುತ್ತಿತ್ತು.

ಸರಿ, ಇಲ್ಲದ ಕಾರ್ಡಿಗೆ ಖರ್ಚು ಎಲ್ಲಿಂದ ಬಂತು? ಇದನ್ನು ಪತ್ತೆ ಮಾಡಲು ಕಾರ್ಡಿನವರಿಗೆ ಫೋನ್ ಮಾಡಿದೆ. "ಕಾರ್ಡ್ ಮೇಲಿರೋ ಹದಿನಾರು ಅಂಕಿ ಹೇಳಿ ಸರ್" ಎಂದಳು ಆ ಕಡೆಯ ಹುಡುಗಿ. "ಅದು ನಾಲ್ಕು ತುಂಡಾಗಿದೆಯಮ್ಮ" ಎಂದೆ. "ಒಂದೊಂದೇ ತುಂಡು ನೋಡಿ ಹೇಳಿ ಸರ್, ಪರವಾಗಿಲ್ಲ" ಎಂದಳು, ಬಹಳ ತಾಳ್ಮೆಯಿಂದ. ಅರ್ಧ ಗಂಟೆಯ ನಂತರ ಬೇರೆ ದಾರಿಯಲ್ಲಿ ಖಾತೆ ಸಿಕ್ಕಿತು. ಖರ್ಚಿನ ವಿವರವನ್ನು ಅವಳು ಓದಿದಳು. ನಾನು ಇನ್ನೊಮ್ಮೆ ಓದಿಸಿದೆ.

ಕಾರ್ಡು ಕತ್ತರಿಸುವುದಕ್ಕೆ ಒಂದೆರಡು ತಿಂಗಳ ಮುಂಚೆ ಯಾವುದೋ ಜಾಲತಾಣದಲ್ಲಿ "ನಿಮ್ಮ ಸ್ಕೋರ್ ಉಚಿತವಾಗಿ ನೋಡಿ" ಎಂದಿತ್ತು. ಉಚಿತವಾದರೂ ಕಾರ್ಡ್ ನಂಬರ್ ಕೇಳಿತ್ತು. ಕೊಟ್ಟಿದ್ದೆ. ಆಮೇಲೆ ಮರೆತೂಬಿಟ್ಟಿದ್ದೆ. ಉಚಿತದ ಗಡುವು ಮುಗಿದು ತಿಂಗಳ ಚಂದಾ ಶುರುವಾಗಿತ್ತು. ಬಿಲ್ಲು ನಾನು ತೆರೆಯದ ಹಳೇ ಇಮೇಲಿಗೆ ಹೋಗುತ್ತಿತ್ತು. ಚಿಲ್ಲರೆ ಹಣವೇ. ಆದರೆ ತಡ ಎಂದರೆ ತಡ. ಅಂದರೆ, ನನ್ನ ಸ್ಕೋರು ಬಿದ್ದದ್ದು ನನ್ನ ಸ್ಕೋರು ಬೀಳದಂತೆ ಕಾಯುವ ಸೇವೆಯಿಂದ. ಕಾವಲುಗಾರನಿಗೆ ಸಂಬಳ ಕೊಡಲಿಲ್ಲ ಎಂದು ಮನೆಗೆ ಕನ್ನ ಬಿತ್ತು.

ಚಂದಾ ರದ್ದು ಮಾಡಲು ಹೋದೆ. "ಹೋಗಬೇಡಿ, ಇನ್ನೂ ಮೂರು ತಿಂಗಳು ಉಚಿತ!" ಎಂದಿತು ಆ ಜಾಲತಾಣ. ಹೆಂಡತಿ ನನ್ನ ಕೈಯಿಂದ ಮೌಸ್ ಕಿತ್ತುಕೊಂಡಳು. ದುಡ್ಡು ಕೊಡದೆ ರಿಪೋರ್ಟ್ ನೋಡುವ ಹಕ್ಕು ಎಷ್ಟೋ ದೇಶಗಳಲ್ಲಿದೆ, ಭಾರತದಲ್ಲೂ ವರ್ಷಕ್ಕೊಮ್ಮೆ ಪ್ರತಿ ಸಂಸ್ಥೆಯೂ ಉಚಿತವಾಗಿ ಕೊಡಲೇಬೇಕು ಎಂದು ಇದೆಲ್ಲ ಆದಮೇಲೆ ಓದಿದೆ.

ಇಷ್ಟು ಚಿಲ್ಲರೆ ಸಂಗತಿಯನ್ನೂ ಬರೆದಿಡುತ್ತಾರಲ್ಲ ಎಂದು ಸಿಟ್ಟು ಬಂತು. ಆದರೆ ಹಿಂದಿನ ಕಾಲ ಇದಕ್ಕಿಂತ ಘೋರ. 1841ರಲ್ಲಿ ಲೂಯಿಸ್ ಟಪ್ಪನ್ ಎಂಬಾತ ನ್ಯೂಯಾರ್ಕಿನಲ್ಲಿ ಒಂದು ಸಂಸ್ಥೆ ಶುರು ಮಾಡಿದ. ಊರೂರಲ್ಲಿ ಇದ್ದ ಅದರ ವರದಿಗಾರರು ವ್ಯಾಪಾರಿಗಳ ನಡತೆ ಹೇಗೆ, ನಂಬಬಹುದಾ ಎಂದು ಬರೆದು ಕಳಿಸುತ್ತಿದ್ದರು. ದೊಡ್ಡ ದೊಡ್ಡ ಲೆಡ್ಜರುಗಳಲ್ಲಿ ಅದನ್ನೆಲ್ಲ ತುಂಬುತ್ತಿದ್ದರು. ವಕೀಲರಾಗಿದ್ದಾಗ ಅಬ್ರಹಾಂ ಲಿಂಕನ್ ಕೂಡ ಹೀಗೆ ವರದಿ ಬರೆದವರಂತೆ. ಯೋಚಿಸಿ, ಲಿಂಕನ್ ನನ್ನ ಬಗ್ಗೆ ಬರೆಯುತ್ತಿದ್ದಾರೆ: "ಪ್ರಾಮಾಣಿಕ. ಆದರೆ ಕತ್ತರಿಯನ್ನು ದೂರ ಇಡುವುದು ಒಳ್ಳೆಯದು." 1956ರಲ್ಲಿ ವಿಲಿಯಂ ಫೇರ್ ಎಂಬ ಎಂಜಿನಿಯರ್, ಅರ್ಲ್ ಐಸಾಕ್ ಎಂಬ ಗಣಿತಜ್ಞ ಸೇರಿ ಕಂಪನಿ ಕಟ್ಟಿ ನಡತೆಯ ಜಾಗಕ್ಕೆ ಲೆಕ್ಕ ತಂದರು. ಇವತ್ತಿನ ಮೂರಂಕಿಯ ಫೈಕೋ ಸ್ಕೋರು 1989ರಲ್ಲಿ ಬಂತು. ಅದಕ್ಕೆ ನನ್ನ ಒಳ್ಳೆಯತನ ಗೊತ್ತಿಲ್ಲ. ಸದ್ಯ, ಪೆದ್ದುತನವೂ ಗೊತ್ತಿಲ್ಲ. ಅದರ ಕಣ್ಣಿಗೆ ನಾನು ಸುಮ್ನೆ ತಡ ಮಾಡಿದವನು, ಅಷ್ಟೇ.

ಐದನೇ ಪುಟದಲ್ಲಿ ಇನ್ನೊಂದು ಆಶ್ಚರ್ಯ ಕಾದಿತ್ತು. ಒಂದು ಮನೆ ಸಾಲ. ಒಂಬತ್ತು ವರ್ಷದಿಂದ ಒಂದು ಕಂತೂ ತಪ್ಪಿಲ್ಲ. ನಾನು ಮನೆ ಸಾಲ ತೆಗೆದುಕೊಂಡೇ ಇಲ್ಲ.

ನನ್ನದೇ ಹೆಸರಿನ, ನನ್ನದೇ ಇನಿಷಿಯಲ್ಲಿನ ಇನ್ಯಾರೋ ಮಹಾನುಭಾವರ ಸಾಲ ನನ್ನ ಕಡತಕ್ಕೆ ಬಂದು ಸೇರಿತ್ತು. ಹೀಗೂ ಆಗುತ್ತದಂತೆ. ಹೆಂಡತಿ ಆ ಪುಟವನ್ನು ಬಹಳ ಹೊತ್ತು, ಸ್ವಲ್ಪ ಗೌರವದಿಂದಲೇ ನೋಡಿದಳು.

"ನಿಮಗಿಂತ ಚೆನ್ನಾಗಿ ಕಟ್ತಾ ಇದ್ದಾರೆ. ಇರಲಿ ಬಿಡಿ ರೀ."

ನನಗೂ ಇರಲಿ ಅನ್ನಿಸಿತು. ಆಮೇಲೆ ಅವಳೇ ಕೇಳಿದಳು, "ನಾಳೆ ಅವರು ಕಟ್ಟೋದು ನಿಲ್ಲಿಸಿದ್ರೆ?" ಆ ರಾತ್ರಿಯೇ ದೂರು ದಾಖಲಿಸಿದೆ. ರಿಪೋರ್ಟಿನ ಸಂಸ್ಥೆಯವರು ಸಾಲ ಕೊಟ್ಟವರನ್ನು ಕೇಳಿ, ಪರಿಶೀಲಿಸಿ, ಮೂವತ್ತು ದಿನದೊಳಗೆ ಉತ್ತರ ಕೊಟ್ಟರು. ಸಾಲ ನಿಮ್ಮದಲ್ಲ, ತೆಗೆದಿದ್ದೇವೆ ಎಂದರು. ಕತ್ತರಿಸಿದ ಕಾರ್ಡಿನ ತಡಗಳನ್ನೂ ತೆಗೆಯಿರಿ ಎಂದು ಅದೇ ಉಸಿರಿನಲ್ಲಿ ಕೇಳಿದ್ದೆ. ಅದು ಆಗುವುದಿಲ್ಲ, ಅದು ನಿಜ ಎಂದರು.

ಸ್ಕೋರ್ ನೋಡಿದೆ. 675. ಒಂಬತ್ತು ಅಂಕ ಇಳಿದಿತ್ತು. ಇಷ್ಟು ದಿನ ನನ್ನನ್ನು ಎತ್ತಿ ಹಿಡಿದವರು ಆ ಮನೆ ಸಾಲದ ಮಹಾನುಭಾವರೇ ಇರಬೇಕು.

ಅಂದಿನಿಂದ ಒಂದು ಯೋಚನೆ ಕಾಡುತ್ತಿದೆ. ಅವರ ಮನೆ ಸಾಲ ನನ್ನ ಕಡತಕ್ಕೆ ಬಂದಿದ್ದರೆ ನನ್ನ ಕಾರ್ಡು ಅವರ ಕಡತಕ್ಕೆ ಹೋಗಿರಲೂಬಹುದಲ್ಲ? ಒಂಬತ್ತು ವರ್ಷ ಒಂದು ಕಂತೂ ತಪ್ಪಿಸದ ಆ ಮನುಷ್ಯ ಎಲ್ಲೋ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಪಕ್ಕದಲ್ಲಿ ಅವರ ಹೆಂಡತಿ, ನಾಲ್ಕನೇ ಪುಟದ ಮೇಲೆ ಬೆರಳಿಟ್ಟು ಕೇಳುತ್ತಿದ್ದಾರೆ: "ಯಾವುದ್ರೀ ಈ ಕಾರ್ಡು? ನನಗೆ ಗೊತ್ತಿಲ್ಲದ ಹಾಗೆ?"