ಓಟದ ಟೈಮಿಂಗ್ ಪಕ್ಕದಲ್ಲೇ ಮಗುವಿನ ಎತ್ತರವನ್ನೂ ಬರೆದಿಡಿ

ಮಕ್ಕಳನ್ನು ದೂರದ ಓಟಕ್ಕೋ, ಈಜಿಗೋ, ಸೈಕ್ಲಿಂಗ್‌ಗೋ ಸೇರಿಸಿದವರ ಬಾಯಲ್ಲಿ ಎರಡು ಮಾತು ಪದೇ ಪದೇ ಕೇಳುತ್ತೇನೆ. ಒಂದು, "ವರ್ಷದಲ್ಲಿ ಎಷ್ಟು ಇಂಪ್ರೂವ್ ಆಗಿದ್ದಾನೆ ನೋಡಿ, ಕೋಚಿಂಗ್ ಅಂದ್ರೆ ಹೀಗಿರಬೇಕು." ಇನ್ನೊಂದು, "ಇಷ್ಟು ಚಿಕ್ಕ ವಯಸ್ಸಿಗೆ ಇಷ್ಟು ಓಡಿಸಿದರೆ ಹಾರ್ಟ್‌ಗೆ ತೊಂದರೆ ಆಗಲ್ವಾ?" ಫಿಸಿಯಾಲಜಿ ಪಾಠ ಮಾಡುವ ನನಗೆ ಎರಡರ ಮೇಲೂ ತಕರಾರಿದೆ. ಹೊಗಳುವವರೂ ಹೆದರುವವರೂ ಮಗು ಬೆಳೆಯುತ್ತಿದೆ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಹಾರ್ಟ್ ವಿಷಯ ಮೊದಲು ನೋಡೋಣ. ಈ ಭಯಕ್ಕೆ ಹಳೇ ಇತಿಹಾಸ ಇದೆ. 1879ರಲ್ಲಿ ಬೆನೆಕೆ ಎಂಬ ಜರ್ಮನ್ ವೈದ್ಯರು ಹೃದಯ ಮತ್ತು ದೊಡ್ಡ ರಕ್ತನಾಳಗಳ ಅಳತೆಗಳನ್ನು ಪ್ರಕಟಿಸಿದರು. ಮಗು ಬೆಳೆಯುವಾಗ ಹೃದಯದ ಗಾತ್ರ ಹೆಚ್ಚಿದಷ್ಟು ರಕ್ತನಾಳದ ಸುತ್ತಳತೆ ಹೆಚ್ಚುವುದಿಲ್ಲ ಎಂದು ಅದರಿಂದ ಜನ ಅರ್ಥ ಮಾಡಿಕೊಂಡರು. ಪಂಪು ದೊಡ್ಡದು, ಪೈಪು ಸಣ್ಣದು, ಹಾಗಾಗಿ ಮಕ್ಕಳು ಜಾಸ್ತಿ ದಣಿಯಬಾರದು. ಪಠ್ಯಪುಸ್ತಕಗಳಲ್ಲೂ ಇದು ಸೇರಿಹೋಯಿತು. 1937ರಲ್ಲಿ ಪೀಟರ್ ಕಾರ್ಪೋವಿಚ್ ಆ ಲೆಕ್ಕದ ತಪ್ಪನ್ನು ಬಿಡಿಸಿ ತೋರಿಸಿದರು. ಸುತ್ತಳತೆಯನ್ನು ಗಾತ್ರದ ಜೊತೆ ನೇರವಾಗಿ ಹೋಲಿಸುವುದೇ ತಪ್ಪು. ಒಂದು ಚೆಂಡಿನ ಸುತ್ತಳತೆ ಎರಡು ಪಟ್ಟಾದರೆ ಅದರ ಗಾತ್ರ ಎಂಟು ಪಟ್ಟಾಗುತ್ತದೆ. ಅಷ್ಟೇ ವಿಷಯ. ಅರ್ಧ ಶತಮಾನಕ್ಕೂ ಮೀರಿದ ಭಯ, ಹೈಸ್ಕೂಲು ಗಣಿತದಲ್ಲಿ ಬಗೆಹರಿಯಿತು! (ಓಡುವಾಗ ಎದೆನೋವು ಬಂದರೆ, ತಲೆ ಸುತ್ತಿ ಬಿದ್ದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಅದು ಬೇರೆ ವಿಷಯ.)

ಇನ್ನು ಇಂಪ್ರೂವ್ ಆದ ಕಥೆ.

ದಮ್ಮು ಅಳೆಯಲು ಲ್ಯಾಬಿನಲ್ಲಿ ಬಳಸುವ ಮುಖ್ಯ ಅಳತೆ ವಿಓ2 ಮ್ಯಾಕ್ಸ್. ಅಂದರೆ ಸುಸ್ತಾಗುವವರೆಗೂ ಓಡಿದಾಗ ದೇಹ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಕ್ಸಿಜನ್ ಬಳಸುತ್ತದೆ ಅನ್ನುವುದು. 1938ರಲ್ಲೇ ಹಾರ್ವರ್ಡ್‌ನ ಸಿಡ್ ರಾಬಿನ್ಸನ್ 6 ವರ್ಷದ ಹುಡುಗರಿಂದ ಹಿಡಿದು 91ರ ಅಜ್ಜನವರೆಗೆ ಟ್ರೆಡ್‌ಮಿಲ್ ಹತ್ತಿಸಿ ಇದನ್ನು ಅಳೆದಿದ್ದರು. 1952ರಲ್ಲಿ ಸ್ವೀಡನ್ನಿನ ಪೆರ್ ಓಲೋಫ್ ಆಸ್ಟ್ರಾಂಡ್ ಹುಡುಗಿಯರನ್ನೂ ಸೇರಿಸಿ ಅಳೆದರು. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರೆ, 8ರಿಂದ 16 ವರ್ಷದೊಳಗೆ ಹುಡುಗರ ಈ ಸಾಮರ್ಥ್ಯ ಸುಮಾರು ಎರಡೂವರೆ ಪಟ್ಟಾಗುತ್ತದೆ. ಹುಡುಗಿಯರದ್ದು ಶೇಕಡ 80ರಷ್ಟು ಹೆಚ್ಚುತ್ತದೆ. ಯಾವ ಕೋಚೂ ಇಲ್ಲದೆ, ಸುಮ್ನೆ ಬೆಳೆದದ್ದಕ್ಕೆ! ಅದೇ, ಮಕ್ಕಳಿಗೆ ಕೆಲವು ತಿಂಗಳು ಸರಿಯಾದ ತರಬೇತಿ ಕೊಟ್ಟಾಗ ಸಿಗುವ ಹೆಚ್ಚಳ ಸರಾಸರಿ ಶೇಕಡ 5–6 ಮಾತ್ರ.

ಬೆಳವಣಿಗೆಯ ಇಷ್ಟು ದೊಡ್ಡ ಏರಿಕೆಯೊಳಗೆ ತರಬೇತಿಯ ಪಾಲನ್ನು ಹುಡುಕುವುದೇ ಈ ಅಧ್ಯಯನಗಳ ದೊಡ್ಡ ತಲೆನೋವು. ಅದಕ್ಕೇ ಹೋಲಿಸಿ ನೋಡಲು ತರಬೇತಿ ಇಲ್ಲದ ಇನ್ನೊಂದು ಗುಂಪು ಬೇಕೇ ಬೇಕು. ಎರಡೂ ಗುಂಪಿನ ವಯಸ್ಸು ಒಂದೇ ಇದ್ದರೆ ಸಾಲದು, ಬೆಳವಣಿಗೆಯ ಹಂತವೂ ಒಂದೇ ಇರಬೇಕು. ಎತ್ತರ ಅತಿ ವೇಗವಾಗಿ ಏರುವ ಹೊತ್ತು ಹುಡುಗಿಯರಿಗೆ ಸರಾಸರಿ 12ರ ಸುಮಾರಿಗೆ, ಹುಡುಗರಿಗೆ 14ರ ಸುಮಾರಿಗೆ ಬರುತ್ತದೆ. ಒಬ್ಬೊಬ್ಬರಲ್ಲಿ ಒಂದೆರಡು ವರ್ಷ ಹಿಂದೆ ಮುಂದೆ. ಒಂದೇ ಕ್ಲಾಸಿನ ಇಬ್ಬರು ಹದಿಮೂರರ ಹುಡುಗರಲ್ಲಿ ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. ಇವರಿಬ್ಬರನ್ನು ಅಕ್ಕಪಕ್ಕ ಓಡಿಸಿ ಗೆದ್ದವನಿಗೆ "ಪ್ರತಿಭೆ" ಅನ್ನುತ್ತೇವೆ. ಸೋತವನು ಮುಂದಿನ ವರ್ಷ ಆಟವನ್ನೇ ಬಿಡುತ್ತಾನೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಹುಡುಗಿಯರ ವಿಷಯದಲ್ಲಿ. ವಿಓ2 ಮ್ಯಾಕ್ಸ್ ಅನ್ನು ಸಾಮಾನ್ಯವಾಗಿ ದೇಹದ ತೂಕದಿಂದ ಭಾಗಿಸಿ ಹೇಳುತ್ತಾರೆ. ಹಾಗೆ ಭಾಗಿಸಿದರೆ ಹುಡುಗರಲ್ಲಿ ಅದು ಬಾಲ್ಯದಿಂದ ಹದಿನೆಂಟರವರೆಗೆ ಕಿಲೋಗೆ 48 ಮಿಲಿಲೀಟರಿನ ಆಸುಪಾಸಿನಲ್ಲೇ ಇರುತ್ತದೆ. ಹುಡುಗಿಯರಲ್ಲಿ ಸುಮಾರು 45ರಿಂದ 35ರ ಕಡೆಗೆ ಇಳಿಯುತ್ತದೆ. ಮೈನೆರೆಯುವ ಹೊತ್ತಿಗೆ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚುವುದು ಸಹಜ. ತೂಕ ಏರಿತು, ಭಾಗಾಕಾರದ ಉತ್ತರ ಇಳಿಯಿತು. ತೂಕದಿಂದ ಭಾಗಿಸುವ ಪದ್ಧತಿ ದಾರಿ ತಪ್ಪಿಸುತ್ತದೆ ಎಂದು ಜೇಮ್ಸ್ ಟ್ಯಾನರ್ 1949ರಲ್ಲೇ ಎಚ್ಚರಿಸಿದ್ದರು. ಹರೆಯದ ಹಂತಗಳನ್ನು ಗುರುತಿಸುವ ಟ್ಯಾನರ್ ಸ್ಕೇಲ್ ಇದೆಯಲ್ಲ, ಅದೇ ಟ್ಯಾನರ್. ಆದರೂ ಈ ಅಳತೆಯನ್ನು ಅಂದಾಜಿಸಿ ತೋರಿಸುವ ಸ್ಮಾರ್ಟ್‌ವಾಚಿನಲ್ಲಿ ನಂಬರ್ ಇಳಿದದ್ದು ಕಂಡ ಕೂಡಲೇ "ತೂಕ ಇಳಿಸಮ್ಮ" ಅನ್ನುತ್ತಾರೆ. ಹುಡುಗಿ ಊಟ ಕಮ್ಮಿ ಮಾಡುತ್ತಾಳೆ. ತರಬೇತಿ ಮಾತ್ರ ಅಷ್ಟೇ ನಡೆಯುತ್ತಿರುತ್ತದೆ. ಮುಟ್ಟು ತಪ್ಪುತ್ತದೆ. "ಅಥ್ಲೀಟ್‌ಗಳಿಗೆ ಹಾಗೆಲ್ಲ ಆಗುತ್ತೆ" ಎಂದು ಅದನ್ನೂ ತಳ್ಳಿಹಾಕುತ್ತಾರೆ. ಇಲ್ಲ, ಅದು ಆರೋಗ್ಯದ ಲಕ್ಷಣ ಅಲ್ಲ. ಓಟಕ್ಕೆ ಖರ್ಚಾದ ಮೇಲೆ ದೇಹದ ಉಳಿದ ಕೆಲಸಕ್ಕೆ ಬೇಕಾದಷ್ಟು ಆಹಾರ ಸಿಗುತ್ತಿಲ್ಲ ಎಂದರ್ಥ. ಮೂಳೆ ಗಟ್ಟಿಯಾಗುವ ವಯಸ್ಸೂ ಇದೇ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ತೊಂದರೆಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿತು. ಹುಡುಗರಿಗೂ ಇದು ಬರುತ್ತದೆ ಎಂದೂ ಹೇಳಿತು.

ಹಾಗಂತ ಮಕ್ಕಳ ದೇಹ ದುರ್ಬಲ ಅಂತಲಾ? ಖಂಡಿತ ಅಲ್ಲ. ಹರೆಯಕ್ಕೆ ಮುಂಚಿನ ಹುಡುಗರು ಜೋರಾಗಿ ಸೈಕಲ್ ತುಳಿದ ಮೇಲೆ ದಣಿವಿನಿಂದ ಚೇತರಿಸಿಕೊಳ್ಳುವ ರೀತಿಯನ್ನು 2018ರ ಒಂದು ಅಧ್ಯಯನ ದೊಡ್ಡವರ ಜೊತೆ ಹೋಲಿಸಿತು. ಮಾಮೂಲಿ ದೊಡ್ಡವರಿಗಿಂತ ಅವರು ಮುಂದಿದ್ದರು, ಪಳಗಿದ ಅಥ್ಲೀಟ್‌ಗಳಿಗೆ ಸರಿಸಮ ಇದ್ದರು. ಆಡಿ ಸುಸ್ತಾಯ್ತು ಎಂದು ಕೂತ ಮಗು ಎರಡೇ ನಿಮಿಷಕ್ಕೆ ಮತ್ತೆ ಓಡುವುದನ್ನು ಎಲ್ಲರೂ ನೋಡಿದ್ದೇವಲ್ಲ!

ಇದರ ಒಳಗಿನ ಕಾರಣ ಹುಡುಕುವುದು ಮಾತ್ರ ಕಷ್ಟ. 1970ರ ದಶಕದಲ್ಲಿ ಸ್ವೀಡನ್ನಿನಲ್ಲಿ 11–13ರ ಹುಡುಗರ ತೊಡೆಗೆ ಸೂಜಿ ಹಾಕಿ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದ್ದರು. ಆರೋಗ್ಯವಾಗಿರುವ ಮಗುವಿಗೆ ಇವತ್ತು ಹಾಗೆ ಮಾಡಲು ನೈತಿಕ ಸಮಿತಿಗಳು ಸುಲಭವಾಗಿ ಒಪ್ಪುವುದಿಲ್ಲ, ಒಪ್ಪಲೂಬಾರದು. ಎಂಆರ್‌ಐ ಥರದ ಯಂತ್ರದಲ್ಲಿ ಮಲಗಿಸಿ, ಕಾಲು ಆಡಿಸಲು ಹೇಳಿ, ಹೊರಗಿನಿಂದಲೇ ನೋಡುವ ದಾರಿ ಈಗ ಇದೆ.

ಕೋಚ್‌ಗಳಲ್ಲಿ ನನ್ನ ಬೇಡಿಕೆ ಸಣ್ಣದು. ಮಕ್ಕಳ ಟೈಮಿಂಗ್ ಬರೆಯುವ ಪುಸ್ತಕದಲ್ಲೇ ಮೂರು ತಿಂಗಳಿಗೊಮ್ಮೆ ಎತ್ತರವನ್ನೂ ಬರೆಯಿರಿ. ಗೋಡೆ, ಟೇಪು, ಪೆನ್ಸಿಲ್ ಸಾಕು. ಎತ್ತರ ದಿಢೀರ್ ಏರುತ್ತಿರುವ ತಿಂಗಳುಗಳಲ್ಲಿ ಮಂಡಿಯ ಕೆಳಗೆ, ಹಿಮ್ಮಡಿಯಲ್ಲಿ ನೋವು ಎನ್ನುವ ಮಕ್ಕಳು ನಾಟಕ ಆಡುತ್ತಿರುವುದಿಲ್ಲ. ಸ್ನಾಯುವಿನ ಎಳೆತ ಬೀಳುವ ಆ ಜಾಗದ ಮೂಳೆ ಇನ್ನೂ ಎಳೆಯದು. ಆಗ ಓಟದ ದೂರ ಕಮ್ಮಿ ಮಾಡಿ, ಈಜಿಗೋ ಸೈಕಲ್ಲಿಗೋ ಕಳಿಸಿ. ನೋವು ಕುಂಟುವಷ್ಟಿದ್ದರೆ ಓಟ ಪೂರ್ತಿ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಆ ವರ್ಷದ ಮೀಟ್ ತಪ್ಪಿದರೆ ತಪ್ಪಲಿ.