ದುಡ್ಡಿಗೆ ಕೊಟ್ಟ ಮರ್ಯಾದೆ ಹೆಸರಿಗೂ ಕೊಡಿ

ನಿನ್ನೆ ರಾತ್ರಿ ಒಂಬತ್ತೂವರೆಗೆ ಶುರುವಾದ ಮೀಟಿಂಗ್ ಮುಗಿದಾಗ ಹನ್ನೊಂದೂಕಾಲು, ಈಗ ಬೆಳಗ್ಗೆ ಆರೂವರೆ, ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೀತಿದೀನಿ. ಹಾಸನದಲ್ಲಿ ಮಳೆ ಹಿಡ್ಕೊಂಡು ನಾಲ್ಕು ದಿನ ಆಯ್ತು. ಮೀಟಿಂಗ್ ಮಧ್ಯೆ ಎರಡು ಸಲ ಕರೆಂಟ್ ಹೋಯ್ತು, ಎರಡು ಸಲಾನೂ ಮೊಬೈಲ್ ಹಾಟ್‌ಸ್ಪಾಟ್ ಹಾಕ್ಕೊಂಡು ವಾಪಸ್ ಸೇರ್ಕೊಂಡೆ, ಯಾಕಂದ್ರೆ ಕನ್ನಡದ ಹೆಸರುಗಳನ್ನ ಕಂಪ್ಯೂಟರ್ ಸರಿಯಾಗಿ ಎಣಿಸ್ಬೇಕು, ಕಡೀಬಾರದು ಅನ್ನೋ ನನ್ನ ಪಾಯಿಂಟ್ ಲಿಸ್ಟಲ್ಲಿ ಕಟ್ಟಕಡೇದು.

ನನ್ನ ಕೆಲಸ ಏನು ಅಂತ ಇಲ್ಲಿರೋ ಎಲ್ಲರಿಗೂ ಗೊತ್ತು. ನಮ್ಮ ಕಂಪನೀಲಿ ರಿಪೋರ್ಟ್ ಬರೆಯೋದಕ್ಕೆ ಅಂತಾನೇ ಒಂದು ಸಣ್ಣ ಪ್ರೋಗ್ರಾಮಿಂಗ್ ಭಾಷೆ ಇದೆ, ಒಳಗೊಳಗೇ ಮಾಡ್ಕೊಂಡಿದ್ದು, ಹಳೇದಾಗಿದೆ, ಈಗ ಅದನ್ನ ಬುಡದಿಂದ ಹೊಸದಾಗಿ ಕಟ್ಟೋಕೆ ಹೊರಟಿದೀವಿ. ನಿನ್ನೆ ಚರ್ಚೆ ಆಗಿದ್ದು ಹೊಸ ಭಾಷೆ ಡೇಟಾನ ಹೆಂಗೆ ನೋಡ್ಕೋಬೇಕು ಅಂತ. ಖಾಲಿ ಬಿಟ್ಟ ಜಾಗ ಅಂದ್ರೆ ಸೊನ್ನೇನಾ ಅಥವಾ ಗೊತ್ತಿಲ್ಲ ಅಂತ ಅರ್ಥಾನಾ, ತಾರೀಖನ್ನ ಹೆಂಗೆ ಇಟ್ಕೋಬೇಕು, ಇಂಥವೆಲ್ಲಾ ಬೇಗ ಬೇಗ ಮುಗೀತು.

ಆಮೇಲೆ ದಶಾಂಶದ ವಿಷಯ ಬಂತು. ಬಹಳಷ್ಟು ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿದ್ರೆ 0.3 ಬರಲ್ಲ, 0.30000000000000004 ಬರುತ್ತೆ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಬರ್ಕೊಳ್ಳೋದ್ರಿಂದ ಹತ್ತನೇ ಒಂದು ಅನ್ನೋದು ಅದಕ್ಕೆ ಪೂರ್ತಿ ಸಿಗಲ್ಲ, ನಾವು ಹತ್ತನ್ನ ಮೂರರಿಂದ ಭಾಗಿಸಿದಾಗ 3.333 ಅಂತ ಮುಗೀದೇ ಹೋಗುತ್ತಲ್ಲ ಹಂಗೆ. ರಾಕು ಅನ್ನೋ ಭಾಷೇಲಿ 0.1ನ ಭಿನ್ನರಾಶಿಯಾಗೇ ಇಟ್ಕೊಳ್ಳುತ್ತೆ, ಅಲ್ಲಿ ಸರಿಯಾಗಿ 0.3 ಬರುತ್ತೆ. ನಮ್ಮಲ್ಲೂ ದಶಾಂಶ ಅಂದ್ರೆ ಕರಾರುವಾಕ್ಕಾಗೇ ಇರ್ಲಿ ಅಂತ ಹತ್ತು ನಿಮಿಷದಲ್ಲಿ ಎಲ್ಲರೂ ಒಪ್ಪಿದ್ರು. ಸ್ಪೀಡ್ ಕಮ್ಮಿ ಆಗುತ್ತಲ್ಲ ಅಂತ ಒಬ್ರು ಕೇಳಿದ್ರು. ಆಗ್ಲಿ ಬಿಡಿ, ದುಡ್ಡಿನ ವಿಷಯ, ಒಂದು ಪೈಸೆ ಹೆಚ್ಚುಕಮ್ಮಿ ಆಗ್ಬಾರದು ಅಂದ್ರು ನಮ್ಮ ಲೀಡ್. ನಾನೂ ಹೌದು ಅಂದೆ, ಈಗ್ಲೂ ಅದು ಸರಿ ಅಂತಾನೇ ಹೇಳ್ತೀನಿ.

ಕೊನೇಲಿ ನಂದು. ನಾನು ಕೇಳಿದ್ದು ಇಷ್ಟೇ: ಒಂದು ಹೆಸರಿನ ಉದ್ದ ಎಷ್ಟು ಅಂತ ಕೇಳಿದ್ರೆ ಭಾಷೆ ಅಕ್ಷರಗಳ ಲೆಕ್ಕ ಕೊಡ್ಬೇಕು, ಕತ್ತರಿಸು ಅಂದ್ರೆ ಅಕ್ಷರದ ಅಂಚಲ್ಲೇ ಕತ್ತರಿಸ್ಬೇಕು, ಎರಡು ಹೆಸರು ಒಂದೇನಾ ಅಂದ್ರೆ ಓದೋರ ಕಣ್ಣಿಗೆ ಒಂದೇ ಆಗಿದ್ರೆ ಹೌದು ಅನ್ಬೇಕು. ಅದಕ್ಕೆ ಬಂದ ಉತ್ತರ: ಅದು ಕೆಲವೇ ಕೆಲವು ಜನಕ್ಕೆ ಬೇಕಾದ್ದು, ಬೇಕಾದವ್ರು ಲೈಬ್ರರಿ, ಅಂದ್ರೆ ಬೇರೆಯವ್ರು ಬರ್ದಿಟ್ಟ ಸಿದ್ಧ ಕೋಡು, ಹಾಕ್ಕೊಳ್ಳಲಿ. ಮೂರು ನಿಮಿಷ. ಮುಂದಿನ ಮೀಟಿಂಗಿಗೆ ನೋಡೋಣ ಅಂತ ಮುಚ್ಚಿಬಿಟ್ರು.

ಕೆಲವೇ ಜನ ಯಾರು ಸ್ವಾಮಿ? ನಮ್ಮ ರಿಪೋರ್ಟಲ್ಲಿ ಬರೋ ಹೆಸರುಗಳೆಲ್ಲಾ ಯಾರವು?

ಕಂಪ್ಯೂಟರ್ ಕೆಲಸ ಗೊತ್ತಿಲ್ದೇ ಇರೋರಿಗೂ ಅರ್ಥ ಆಗ್ಲಿ ಅಂತ ಹೇಳ್ತೀನಿ, ಪಕ್ಕದ ಜಿಲ್ಲೆ ಹೆಸರೇ ತಗೊಳ್ಳಿ, ಚಿಕ್ಕಮಗಳೂರು. ಎಷ್ಟು ಅಕ್ಷರ? ಚಿ, ಕ್ಕ, ಮ, ಗ, ಳೂ, ರು. ಆರು. ಎರಡನೇ ಕ್ಲಾಸಿನ ಮಗು ಬೆರಳು ಮಡಚಿ ಹೇಳುತ್ತೆ. ಈಗ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇನ ಕೇಳಿ, 11 ಅನ್ನುತ್ತೆ, ಯಾಕಂದ್ರೆ ಅದು ಚ ಬೇರೆ, ಗುಡಿಸು ಬೇರೆ, ಕ ಬೇರೆ, ಅರ್ಧ ಮಾಡೋ ಚಿಹ್ನೆ ಬೇರೆ, ಮತ್ತೆ ಕ ಬೇರೆ ಅಂತ ಒಂದೊಂದು ಕೋಡನ್ನೂ ಎಣಿಸುತ್ತೆ. ಜಾವಾ, ಜಾವಾಸ್ಕ್ರಿಪ್ಟ್ ಕೇಳಿದ್ರೂ 11. ಗೋ ಅಥವಾ ರಸ್ಟ್ ಕೇಳಿ, 33 ಅನ್ನುತ್ತೆ, ಅವು ಎಣಿಸೋದು ಬೈಟು, ಅಂದ್ರೆ ಕಂಪ್ಯೂಟರ್ ಒಳಗೆ ಹಿಡಿಯೋ ಜಾಗದ ಅಳತೆ, ನಮ್ಮ ಲಿಪಿಯ ಒಂದೊಂದು ಕೋಡಿಗೂ ಯುಟಿಎಫ್-8 ಅನ್ನೋ ಬರ್ಕೊಳ್ಳೋ ಪದ್ಧತೀಲಿ ಮೂರು ಮೂರು ಬೈಟು. ಎಲ್ಲಾ ಲಿಪಿಗಳಿಗೂ ಕೋಡ್ ಕೊಡೋ ಯೂನಿಕೋಡಿನವರದ್ದೇ, ಯಾವ್ಯಾವ ಕೋಡ್ ಸೇರಿ ಒಂದು ಅಕ್ಷರ ಅಂತ ಹೇಳೋ ಅಕ್ಷರಗುಚ್ಛದ ನಿಯಮ ಹಚ್ಚಿದ್ರೆ 7, ಒತ್ತಕ್ಷರವನ್ನ ಒಡೆದು ಕ್ ಒಂದು ಕ ಒಂದು ಅಂತ ಲೆಕ್ಕ ಹಾಕುತ್ತೆ. ಒಂದು ಊರಿನ ಹೆಸರಿಗೆ ಮೂರು ಉತ್ತರ, ಮೂರೂ ಆ ಮಗು ಹೇಳಿದ್ದಲ್ಲ. ದುಡ್ಡಿನ ಲೆಕ್ಕ ಹಿಂಗೆ ಬಂದಿದ್ರೆ ನಿನ್ನೆ ಮೀಟಿಂಗಲ್ಲಿ ಯಾರಾದ್ರೂ ಸುಮ್ನೆ ಕೂತಿರ್ತಿದ್ರಾ?

ಆ 7ರ ಕಥೆ ಕೇಳಿದ್ರೆ ನಿಮಗೂ ಹೊಟ್ಟೆ ಉರಿಯುತ್ತೆ. 2023ರಲ್ಲಿ ಯೂನಿಕೋಡ್ 15.1 ಬಂತು, ಅದರಲ್ಲಿ ಒತ್ತಕ್ಷರಗಳನ್ನ ಒಡೀಬಾರದು, ಒಂದೇ ಅಂತ ಹಿಡೀಬೇಕು ಅಂತ ಹೊಸ ನಿಯಮ ಸೇರಿಸಿದ್ರು. ದೇವನಾಗರಿಗೆ, ಬಂಗಾಳಿಗೆ, ಗುಜರಾತಿಗೆ, ಒಡಿಯಾಗೆ, ತೆಲುಗಿಗೆ, ಮಲಯಾಳಂಗೆ. ಕನ್ನಡ ಆ ಪಟ್ಟೀಲಿರ್ಲಿಲ್ಲ. ತೆಲುಗು ಇದೆ, ಅಣ್ಣತಮ್ಮನಂಥ ಲಿಪಿ, ಒತ್ತು ಕೊಡೋ ರೀತಿ ಒಂದೇ, ಆದ್ರೂ ಕನ್ನಡ ಇಲ್ಲ. ಹಾಗಾಗಿ ನಾವು ಯೂನಿಕೋಡ್ ಹೇಳಿದಂಗೆ ಮಾಡ್ತೀವಿ ಅಂತ ಯಾರಾದ್ರೂ ಅಂದ್ರೆ ಅದೂ ನಮಗೆ ಸಾಲದು. ಆಯಾ ಭಾಷೆಗೆ ತಕ್ಕಂಗೆ ನಿಯಮ ಹೊಂದಿಸ್ಕೊಳ್ಳಿ ಅಂತ ಯೂನಿಕೋಡಿನ ಆ ನಿಯಮದ ದಾಖಲೇಲೇ ಅವಕಾಶ ಕೊಟ್ಟಿದಾರೆ. ಹೊಂದಿಸ್ಕೋಬೇಕು, ಅಷ್ಟೇ. ಹಲ್ಮಿಡಿ ನಮ್ಮ ಬೇಲೂರು ತಾಲೂಕಿನ ಊರು, ಕ್ರಿ.ಶ. 450ರ ಸುಮಾರಿನದು ಅಂತ ಹೇಳೋ ಶಾಸನ ಸಿಕ್ಕಿದ್ದು ಅಲ್ಲಿ, ಆ ಕಲ್ಲು ಕೆತ್ತಿದವನು ಒತ್ತನ್ನ ಅಕ್ಷರದ ಕೆಳಗೇ ಕೂರ್ಸಿದ್ದ, ಅವನಿಗೆ ಅದು ಒಂದೇ ಅಕ್ಷರ ಅಂತ ಗೊತ್ತಿತ್ತು.

ಒಂದೇನಾ ಅಲ್ವಾ ಅನ್ನೋ ಪ್ರಶ್ನೆ ಇನ್ನೂ ಮೋಸದ್ದು. ಹೋದ ತಿಂಗಳು ತಾಲೂಕುವಾರು ರಿಪೋರ್ಟ್ ತೆಗೆದ್ರೆ ಹೊಳೆನರಸೀಪುರ ಎರಡು ಸಲ ಬಂದಿತ್ತು, ಎರಡಕ್ಕೂ ಬೇರೆ ಬೇರೆ ಮೊತ್ತ. ನಾನು ಅರ್ಧ ದಿನ ಕಣ್ಣು ಕೀಳ್ಕೊಂಡು ನೋಡಿದೀನಿ, ಸ್ಕ್ರೀನ್ ಮೇಲೆ ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ಆಮೇಲೆ ಕೋಡ್ ಬಿಚ್ಚಿ ನೋಡಿದ್ರೆ ಒಂದರಲ್ಲಿ ‘ಹೊ’ ಅನ್ನೋದಕ್ಕೆ ಒತ್ವದ ಒಂದೇ ಚಿಹ್ನೆ, ಇನ್ನೊಂದರಲ್ಲಿ ಎತ್ವ ಬೇರೆ ಕೊಂಬಿನ ದೀರ್ಘ ಬೇರೆ ಅಂತ ಎರಡು ತುಂಡು. ಯೂನಿಕೋಡ್ ಪ್ರಕಾರ ಇವೆರಡೂ ಒಂದೇ. ಸ್ವಿಫ್ಟ್ ಭಾಷೆ ಒಂದೇ ಅನ್ನುತ್ತೆ, ರಾಕು ಓದ್ಕೊಳ್ಳುವಾಗ್ಲೇ ಒಂದು ಮಾಡ್ಕೊಳ್ಳುತ್ತೆ. ನಮ್ಮ ಭಾಷೆ ಬೇರೆ ಬೇರೆ ಅಂತ ಹೇಳಿ ಒಂದು ತಾಲೂಕನ್ನ ಎರಡು ಮಾಡಿಟ್ಟಿತ್ತು. ಪೈಥಾನಲ್ಲೂ ನಾವಾಗೇ ನಾರ್ಮಲೈಸ್ ಮಾಡದೇ, ಅಂದ್ರೆ ಎರಡನ್ನೂ ಒಂದೇ ರೂಪಕ್ಕೆ ತರದೇ ಹೋದ್ರೆ ಇದೇ ಗತಿ.

ಸರಿ, ಅವರ ವಾದಾನೂ ಹೇಳ್ತೀನಿ. ಹತ್ತನೇ ಅಕ್ಷರ ಕೊಡು ಅಂದ್ರೆ ಕಂಪ್ಯೂಟರ್ ಮೊದಲಿಂದ ಎಣಿಸ್ಕೊಂಡು ಬರ್ಬೇಕು, ನಿಧಾನ ಆಗುತ್ತೆ ಅಂತ. ನಿಜ. ಆದ್ರೆ ನೀವು ರಿಪೋರ್ಟಲ್ಲಿ ಯಾವತ್ತಾದ್ರೂ ಯಾರದಾದ್ರೂ ಹೆಸರಿನ ಹತ್ತನೇ ಅಕ್ಷರ ಕೇಳಿದೀರಾ? ನಾವು ಹುಡುಕ್ತೀವಿ, ಹೋಲಿಸ್ತೀವಿ, ಜಾಗಕ್ಕೆ ತಕ್ಕಂಗೆ ಕತ್ತರಿಸ್ತೀವಿ, ಪ್ರಿಂಟ್ ಹಾಕ್ತೀವಿ. ಇಷ್ಟನೇ ಅಕ್ಷರ ಅಂತ ನೇರವಾಗಿ ತೆಗೆಯೋ ಇಂಡೆಕ್ಸ್ ಬೇಕೇ ಬೇಕು ಅಂದ್ರೂ ದಾರಿ ಇದೆ, ರಾಕುವಿನಲ್ಲಿ ಹಲವು ಕೋಡ್ ಸೇರಿ ಆದ ಅಕ್ಷರಕ್ಕೆ ಒಳಗಡೆ ತನ್ನದೇ ಒಂದು ನಂಬರ್ ಕೊಟ್ಟು ಇಟ್ಕೊಳ್ತಾರೆ, ಎಣಿಸೋ ತಾಪತ್ರಯಾನೇ ಇಲ್ಲ. ದಶಾಂಶಕ್ಕೆ ಸ್ಪೀಡ್ ಬಿಟ್ಟುಕೊಟ್ಟವರು ಹೆಸರಿಗೆ ಬಿಟ್ಟುಕೊಡಲ್ಲ ಅಂದ್ರೆ ಅದು ಸ್ಪೀಡಿನ ಮಾತೇ ಅಲ್ಲ.

ಇನ್ನೊಬ್ರು, ಮುಂದಿನ ವರ್ಷ ಸೇರಿಸೋಣ ಬಿಡಿ ಅಂದ್ರು. ಆಗಲ್ಲ ಸಾರ್. ಒಂದು ಸಲ ಉದ್ದ ಅಂದ್ರೆ 11 ಅಂತ ಹೇಳ್ಕೊಟ್ರೆ ಅದನ್ನೇ ನಂಬ್ಕೊಂಡು ಸಾವಿರ ಪ್ರೋಗ್ರಾಂ ಹುಟ್ಟುತ್ತೆ. ಪೈಥಾನಿನವರು ಪಠ್ಯ ಬೇರೆ ಬೈಟ್ ಬೇರೆ ಅಂತ ಸರಿ ಮಾಡೋಕೆ 2008ರ ಡಿಸೆಂಬರಲ್ಲಿ ಪೈಥಾನ್ 3 ತಂದ್ರು, ಹಳೇ ಪೈಥಾನ್ 2ಕ್ಕೆ ಬೆಂಬಲ ನಿಲ್ಲಿಸೋಕೆ ಆಗಿದ್ದು 2020ರ ಜನವರಿಗೆ. ಪರ್ಲ್ ಅನ್ನೋ ಭಾಷೇನ ಹೊಸದಾಗಿ ಕಟ್ತೀವಿ, ಪರ್ಲ್ 6 ಅಂತ 2000ದಲ್ಲಿ ಘೋಷಣೆ ಮಾಡಿದ್ರು, ಜನರಿಂದ 361 ಸಲಹೆ ಬಂತು, ಮೊದಲ ಪೂರ್ತಿ ಬಿಡುಗಡೆ ಆಗಿದ್ದು 2015ರ ಕ್ರಿಸ್‌ಮಸ್‌ಗೆ, ಆ ಭಾಷೇನೇ 2019ರಲ್ಲಿ ರಾಕು ಅಂತ ಹೆಸರು ಬದಲಾಯಿಸ್ಕೊಂಡಿದ್ದು. ಬುಡ ಅಗೆದಿರೋವಾಗ್ಲೇ ಪೈಪ್ ಹಾಕ್ಬೇಕು, ಗೋಡೆ ಎದ್ಮೇಲೆ ಒಡೆಯೋಕೆ ಯಾರು ಬರ್ತಾರೆ?

ನಾನ್ಯಾಕೆ ಇಷ್ಟು ಹಟ ಹಿಡಿದಿದೀನಿ ಅನ್ನೋದನ್ನ ಮೀಟಿಂಗಲ್ಲಿ ಹೇಳೋಕಾಗ್ಲಿಲ್ಲ, ಇಲ್ಲಿ ಹೇಳ್ತೀನಿ. ಕಾಲೇಜು ಮುಗಿಸಿದ ಹೊಸದರಲ್ಲಿ ನಮ್ಮೂರ ಕಡೆ ಹಾಲಿನ ಚೀಟಿ ಪ್ರಿಂಟ್ ಮಾಡೋ ಒಂದು ಪ್ರೋಗ್ರಾಂ ಬರ್ದಿದ್ದೆ. ಚೀಟಿ ಸಣ್ಣದು, ಲೀಟರ್, ಫ್ಯಾಟು, ರೇಟು ಎಲ್ಲಾ ಹಿಡೀಬೇಕು, ಹೆಸರಿಗೆ ಹತ್ತು ಅಕ್ಷರ ಸಾಕು ಅಂತ ನಾನೇ ತೀರ್ಮಾನ ಮಾಡ್ದೆ. ನಮ್ಮಜ್ಜಿ ಹೆಸರು ಪುಟ್ಟಲಕ್ಷ್ಮಮ್ಮ. ಪು, ಟ್ಟ, ಲ, ಕ್ಷ್ಮ, ಮ್ಮ, ಐದೇ ಅಕ್ಷರ, ಹತ್ತರಲ್ಲಿ ಆರಾಮಾಗಿ ಕೂರ್ಬೇಕು. ಕಂಪ್ಯೂಟರಿಗೆ ಅದು 14. ಚೀಟೀಲಿ ಬಂದಿದ್ದು ‘ಪುಟ್ಟಲಕ್ಷ್’. ಅಜ್ಜಿ ಓದಿದ್ದು ಎರಡನೇ ಕ್ಲಾಸು, ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದೋರು. ಬೆರಳು ಆ ಅರ್ಧ ಅಕ್ಷರದ ಹತ್ರ ಬಂದು ನಿಂತ್ಬಿಡ್ತು. ‘ಇದು ನನ್ ಚೀಟಿ ಅಲ್ಲ ಕಣ್ಲಾ, ಯಾರ್ದೋ ಕೊಟ್ಟವ್ರೆ’ ಅಂತ ವಾಪಸ್ ಕೊಟ್ರು.

ಅಜ್ಜೀದೇ ಚೀಟಿ ಅಂತ ಒಪ್ಪಿಸೋಕೆ ನಾನು ಲೀಟರ್ ತೋರಿಸ್ದೆ, ದುಡ್ಡು ತೋರಿಸ್ದೆ. ದುಡ್ಡು ಪೈಸೆ ಪೈಸೆ ಸರಿಯಾಗಿತ್ತು. ಅವ್ರು ಒಪ್ಪಲಿಲ್ಲ, ಹೆಸರು ನಂದಲ್ವಲ್ಲ ಅಂದ್ರು. ಮಾರನೇ ದಿನ ಸರಿ ಮಾಡ್ದೆ, ಆದ್ರೆ ಅಷ್ಟರಲ್ಲಿ ಊರಲ್ಲಿ ಎಷ್ಟು ಜನರ ಹೆಸರನ್ನ ಹಂಗೆ ಕಡಿದು ಕೊಟ್ಟಿದ್ನೋ ಅಂತ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೇಲಿ ಸಂಕಟ ಆಗುತ್ತೆ. ಅಜ್ಜಿ ಹೋಗಿ ಆರು ವರ್ಷ ಆಯ್ತು.

ಲೈಬ್ರರಿ ಹಾಕ್ಕೊಳ್ಳಲಿ ಅಂತಾರಲ್ಲ, ಆವತ್ತು ನನಗೆ ಲೈಬ್ರರಿ ಬೇಕು ಅಂತ್ಲೇ ಗೊತ್ತಿರ್ಲಿಲ್ಲ. ಹತ್ತು ಅಂದ್ರೆ ಹತ್ತು ಅಕ್ಷರ ಅಂತ ನಂಬಿದ್ದೆ. ಹೊಸದಾಗಿ ಕೆಲಸಕ್ಕೆ ಸೇರೋ ಹುಡುಗ ಹುಡುಗೀರೂ ಹಂಗೇ ನಂಬ್ತಾರೆ, ಅವ್ರು ನಂಬಿದ್ದನ್ನ ಭಾಷೆ ನಡೆಸ್ಕೊಡ್ಬೇಕು.

ಸೋಮವಾರ ಮತ್ತೆ ಮೀಟಿಂಗ್ ಇದೆ. ಬರೀ ಮಾತಾಡಿದ್ರೆ ಆಗಲ್ಲ ಅಂತ ಒಂದು ಟೆಸ್ಟ್ ಫೈಲ್ ಮಾಡ್ತಿದೀನಿ, ನಿಮ್ಮ ಸಹಾಯ ಬೇಕು. ಮನೇಲಿರೋ ಚೀಟಿ, ಬಿಲ್ಲು, ಪಾಸ್‌ಬುಕ್ಕು, ಮೆಸೇಜು ನೋಡಿ, ಕನ್ನಡದ ಹೆಸರೋ ಊರೋ ಅರ್ಧಕ್ಕೆ ಕಡಿದು ಬಂದಿದ್ರೆ ಅಥವಾ ಒಡೆದು ಡಬ್ಬಿ ಡಬ್ಬಿಯಾಗಿ ಬಂದಿದ್ರೆ ಸರಿಯಾದ ರೂಪ ಕಾಮೆಂಟಲ್ಲಿ ಹಾಕಿ. ನಿಮ್ಮ ಪೂರ್ತಿ ವಿವರ ಬೇಡ, ಆ ಒಂದು ಪದ ಸಾಕು. ಒತ್ತಿನ ಕೆಳಗೆ ಒತ್ತು ಇರೋವು, ಅರ್ಕಾವತ್ತು ಇರೋವು ಸಿಕ್ಕಷ್ಟೂ ಬೇಕು. ಮೊದಲನೇ ಸಾಲು ಆಗ್ಲೇ ತುಂಬಿದೀನಿ, ಪುಟ್ಟಲಕ್ಷ್ಮಮ್ಮ, 5.